ಕೈ ಕಟ್ಟಿಕೊಂಡು ಕಲಿಸಿದ ಲಲಿತಮ್ಮ ಮೇಡಂ

ಸಿಂಚನಾ, ಪ್ರೀತಮ್, ಮೊಮ್ಮಕ್ಕಳೇ, ಕೇಳಿ. ನನಗೆ ಕಂಪ್ಯೂಟರ್ ಕಲಿಸಿದ ಲಲಿತಮ್ಮ ಮೇಡಂ ಪಾಠ ಹೇಳುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ನಾವು ತಪ್ಪು ಕೀ ಒತ್ತಿದರೂ, ಮುಂದೇನು ಎಂದು ತಿಳಿಯದೆ ಪರದೆಯ ಮುಂದೆ ಬೆಪ್ಪಾಗಿ ಕೂತರೂ ಆ ಕೈ ಮುಂದೆ ಬರುತ್ತಿರಲಿಲ್ಲ. ಬಗ್ಗಿ ನೋಡುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಅದನ್ನು ಸರಿಮಾಡಿಕೊಳ್ಳಲೂ ಕೈ ಬಿಚ್ಚದೆ ತಲೆಯನ್ನೇ ಮೇಲಕ್ಕೆ ಎತ್ತುತ್ತಿದ್ದರು. "ನಾನು ಮುಟ್ಟಿದ್ರೆ ಒಂದ್ ಗಳಿಗೆ ಕೆಲ್ಸ ಕಣಮ್ಮ. ಆದ್ರೆ ನಾಳೆ ಮತ್ತೆ ನನ್ನೇ ಕರೀತೀಯ. ನೀನೇ ಮಾಡು" ಅನ್ನುತ್ತಿದ್ದರು.

ನನ್ನ ಹಳೆಯ ಲ್ಯಾಪ್‌ಟಾಪ್ ನೋಡಿ ನೀವಿಬ್ಬರೂ ನಗುತ್ತೀರಿ. "ನಮ್ಮಜ್ಜಿ ಲಿನಕ್ಸ್ ಹಾಕ್ಕೊಂಡವ್ರೆ ಕಣ್ರೋ" ಎಂದು ಪ್ರೀತಮ್ ಸ್ನೇಹಿತರಿಗೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು. ಹೇಗೆ ಕಲಿತೆ ಎಂದು ಸಿಂಚನಾ ಕೇಳಿದಾಗಲೆಲ್ಲ "ಹಿಂಗೇ" ಅಂದು ಅಡುಗೆಮನೆಗೆ ಹೋಗಿಬಿಟ್ಟಿದ್ದೇನೆ. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಮೊದಲಿನಿಂದಲೂ ಕಷ್ಟ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಮಾರ್ಕೋನಹಳ್ಳಿ ಕಡೆಯ ನಮ್ಮೂರಿನ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ಇಂಗ್ಲಿಷ್‌ನಲ್ಲಿ ಅಕ್ಷರಗಳ ಗುರುತು ಇತ್ತು, ಅಷ್ಟೇ. ಮದುವೆಯಾಗಿ ಗುಬ್ಬಿಗೆ ಬಂದೆ. ನಿಮ್ಮ ತಾತ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರಿನ ಕೆಲಸದಲ್ಲಿದ್ದರು. ಅವರು ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ, ವರ್ಷದ ಕಾರ್ಯಕ್ಕೆ ಕಾರ್ಡು ಮಾಡಿಸಬೇಕಾಗಿತ್ತು. ನಿಮ್ಮಪ್ಪನಿಗೆ ಡ್ಯೂಟಿ. ನಾನೇ ಹೋದೆ.

ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಒಂದು ಗೊಬ್ಬರದ ಅಂಗಡಿ, ಅದರ ಮಹಡಿಯ ಮೇಲೆ ಲಲಿತಮ್ಮ ಮೇಡಂ ಅವರ ಅಂಗಡಿ. ಮೆಟ್ಟಿಲು ಹತ್ತುವಾಗ ಯೂರಿಯಾ ವಾಸನೆ ಬರುತ್ತಿತ್ತು, ಮೇಲೆ ಹೋದರೆ ಲವಂಗದ ವಾಸನೆ. ಅವರ ದವಡೆಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ಆಗಲೇ ಅರವತ್ತು ದಾಟಿದ್ದರು. ಸಣಕಲು ಮೈ, ನೂಲಿನ ಸೀರೆ, ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟಿದ ಗಡಿಯಾರ. ಮದುವೆ ಆಗಿರಲಿಲ್ಲ. ಒಬ್ಬಳು ತಂಗಿ ಕುಣಿಗಲ್‌ನಲ್ಲಿ, ಇವರು ಗುಬ್ಬಿಯಲ್ಲಿ. ಬಹಳ ವರ್ಷ ಅಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಈ ಕಡೆಯ ಎಷ್ಟೋ ಆಫೀಸುಗಳ ಗುಮಾಸ್ತರು ಅವರ ಎದುರು ಬೆರಳು ಪಳಗಿಸಿಕೊಂಡವರೇ. ಟೈಪ್‌ರೈಟರ್ ಕಾಲ ಮುಗಿದಾಗ ಬಾಗಿಲು ಹಾಕಲಿಲ್ಲ. ಆ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತರು. ಬೆರಳಿಗೆ ಹತ್ತಿಹೋಗಿದ್ದ ಅಕ್ಷರಗಳ ಜಾಗವನ್ನೆಲ್ಲ ಮರೆತು ಹೊಸ ಜಾಗಗಳನ್ನು ಕಲಿತರು. ಯಾವುದೋ ಆಫೀಸಿನವರು ಹಳೆಯದಾಯಿತೆಂದು ತೆಗೆದುಹಾಕಿದ್ದ ಕಂಪ್ಯೂಟರ್‌ಗಳನ್ನು ತಂದು, ಅವಕ್ಕೆ ಮೆಷಿನ್ ನಡೆಸುವ, ದುಡ್ಡು ಕೊಡದೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ ಸಾಲಾಗಿ ಕೂರಿಸಿದ್ದರು. ಮದುವೆ ಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಅರ್ಜಿ, ಪ್ರಶ್ನೆಪತ್ರಿಕೆ ಎಲ್ಲ ಅಲ್ಲಿ ಆಗುತ್ತಿತ್ತು.

ನಾನು ಬಂದ ಕೆಲಸ ಹೇಳಿ ಬೆಂಚಿನ ತುದಿಯಲ್ಲಿ ಕೂತಿದ್ದೆ. ಅವರು ಬೇರೆ ಯಾರದೋ ಕೆಲಸ ಮುಗಿಸುತ್ತಿದ್ದವರು ತಿರುಗಿ ನೋಡಿ, "ಸುಮ್ನೆ ಕೂತಿದೀರಲ್ಲ, ಬನ್ನಿ ಇಲ್ಲಿ. ಯಜಮಾನ್ರ ಹೆಸ್ರು ನೀವೇ ಒತ್ತಿ" ಅಂದರು. ಕೀಗಳ ಮೇಲೆ ಕನ್ನಡ ಅಕ್ಷರಗಳ ಚೀಟಿ ಅಂಟಿಸಿದ್ದರು. ಮಕ್ಕಳೇ, ನಾವು ಗಂಡನ ಹೆಸರನ್ನು ಬಾಯಲ್ಲಿ ಹೇಳಿದವರಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಕಡೆ ನೋಡುತ್ತಿದ್ದೆ, ಅವರು ಹೇಳುತ್ತಿದ್ದರು. ಆ ದಿನ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಪರದೆಯ ಮೇಲೆ ನಿಮ್ಮ ತಾತನ ಹೆಸರು ಬಂತು. ಸೆರಗಿನಿಂದ ಮುಖ ಒರೆಸಿಕೊಂಡೆ. ಮೇಡಂ ನನ್ನ ಹೆಸರು ಕೇಳಿ, "ನಾಳೆ ಬನ್ನಿ ಗಂಗಮ್ಮನೋರೆ. ಮಧ್ಯಾಹ್ನ ಹೊತ್ತು ಇಲ್ಲಿ ಜನ ಇರಲ್ಲ" ಅಂದರು ಅಷ್ಟೇ.

ಜನ ಇರಲ್ಲ ಅನ್ನುವ ಮಾತಿಗೇ ನಾನು ಹೋದೆ. ಹೋಗುತ್ತಾ ಹೋಗುತ್ತಾ ಗಂಗಮ್ಮನೋರೆ ಹೋಗಿ ಗಂಗಮ್ಮ ಆಯಿತು, ಆಮೇಲೆ ಬರೀ ಗಂಗಾ.

ಒಂದು ದಿನ ಕೇಳಿದೆ, "ಈ ಲಿನಕ್ಸು ಯಾರ್ದು ಮೇಡಂ? ಇದನ್ನ ಪುಕ್ಸಟ್ಟೆ ಯಾಕ್ ಕೊಡ್ತಾರೆ?"

"ನೀನು ಮಾರ್ಗಶಿರದಲ್ಲಿ ಪಕ್ಕದ್ಮನೆ ರಂಗೋಲಿ ನೋಡ್ಕೊಂಡು ಬಂದು ನಿಮ್ಮನೆ ಮುಂದೆ ಹಾಕ್ತಿರ್ಲಿಲ್ವಾ?"

"ಹಾಕ್ತಿದ್ದೆ. ಒಂದ್ ಸಾಲು ಚುಕ್ಕಿ ಜಾಸ್ತಿ ಇಟ್ಟು."

"ಅದನ್ನ ಇನ್ನೊಬ್ಳು ನೋಡ್ಕೊಂಡು ಹೋಗ್ತಾಳೆ, ಇನ್ನೊಂದ್ ಬಳ್ಳಿ ಸೇರಿಸ್ತಾಳೆ. ಯಾರಾದ್ರೂ ದುಡ್ಡು ಕೇಳಿದ್ರಾ? ಚುಕ್ಕಿ ಎಷ್ಟು ಅಂತ ಮುಚ್ಚಿಟ್ರಾ? ಇದೂ ಹಂಗೇ. ಚುಕ್ಕಿ ಎಲ್ಲಾ ಬಯಲಲ್ಲೇ ಇದೆ. ನೋಡೋಕೆ ಬರೋರು ನೋಡ್ತಾರೆ, ತಪ್ಪಿದ್ರೆ ತಿದ್ತಾರೆ. ನನಗೂ ನಿನಗೂ ಅಷ್ಟು ಬರಲ್ಲ, ನಾವು ಅಂಗಳ ಗುಡಿಸಿ ಇಟ್ಕೊಂಡ್ರೆ ಸಾಕು."

ಅಂಗಳ ಗುಡಿಸುವುದು ಅಂದರೆ ಅವರ ಅರ್ಥದಲ್ಲಿ ಇಷ್ಟು: ಅಪ್‌ಡೇಟ್ ಬಂದರೆ ಮುಂದಕ್ಕೆ ತಳ್ಳದೆ ಮಾಡಿಕೊಳ್ಳುವುದು, ಬೇಡದ ತಂತ್ರಾಂಶ ತುಂಬಿಕೊಳ್ಳದಿರುವುದು, ಬೇಕಾದದ್ದನ್ನು ಲಿನಕ್ಸ್‌ನದೇ ಸಾಫ್ಟ್‌ವೇರ್ ಅಂಗಡಿಯಿಂದ ತೆಗೆದುಕೊಳ್ಳುವುದು. ಎಲ್ಲೋ ಇಂಟರ್ನೆಟ್‌ನಲ್ಲಿ ಸಿಕ್ಕಿದ್ದನ್ನು ಇಳಿಸಿಕೊಂಡರೆ ಸಿಟ್ಟಾಗುತ್ತಿದ್ದರು. "ದಾರೀಲಿ ಬಿದ್ದಿದ್ದ ಪೊಟ್ಟಣ ತಂದು ಸಾರಿಗೆ ಹಾಕ್ತೀಯಾ?" ಎಂದು ಒಬ್ಬ ಹುಡುಗಿಗೆ ಗದರಿದ್ದು ನೆನಪಿದೆ. ಸಂಜೆ ಬಾಗಿಲು ಹಾಕುವ ಮುಂಚೆ ಆ ದಿನ ಮಾಡಿದ್ದನ್ನೆಲ್ಲ ಪೆನ್‌ಡ್ರೈವ್‌ಗೆ ಇನ್ನೊಂದು ಪ್ರತಿ ಹಾಕಲೇಬೇಕು. ದೀಪ ಹಚ್ಚುವಷ್ಟೇ ನಿಯಮದ ಕೆಲಸ ಅದು.

ಪಾಸ್‌ವರ್ಡ್ ಇಟ್ಟುಕೋ ಅಂದಾಗ ನಡೆದದ್ದು ಹೇಳಬೇಕು. ಯಾರಿಗೂ ಹೊಳೆಯದ್ದು ಇಡು ಅಂದರು. ನಾನು ಬಹಳ ಯೋಚಿಸಿ ನಿಮ್ಮ ತಾತನ ಹೆಸರು ಇಟ್ಟೆ. ನನ್ನ ಬಾಯಿಂದ ಯಾರೂ ಕೇಳಿಯೇ ಇಲ್ಲವಲ್ಲ, ಇದಕ್ಕಿಂತ ಗುಟ್ಟು ಯಾವುದಿದೆ ಎಂದು. ಮೇಡಂ ಲವಂಗ ನುಂಗಿಕೊಂಡುಬಿಟ್ಟರು ನಗುತ್ತಾ. "ಅಯ್ಯೋ ಗಂಗಾ, ಗುಬ್ಬೀಲಿರೋರಿಗೆಲ್ಲ ಗೊತ್ತು ಕಣೇ ಅದು! ಒಂದು ಉದ್ದದ ವಾಕ್ಯ ಇಡು, ನಿನಗೆ ಮಾತ್ರ ನೆನಪಿರೋದು" ಅಂದರು. ಆಮೇಲೆ, ಚಿತ್ರಗಳಿಲ್ಲದೆ ಸಾಲು ಬರೆದೇ ಕೆಲಸ ಹೇಳುವ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಒತ್ತುವಾಗ ಏನೂ ಕಾಣಿಸುವುದಿಲ್ಲ, ಚುಕ್ಕಿ ಕೂಡ ಬರುವುದಿಲ್ಲ. ಮೆಷಿನ್ ಕೆಟ್ಟಿತೆಂದು ನಾನು ಕೈ ಎತ್ತಿದೆ. "ಕಾಣಲ್ಲ, ಆದ್ರೆ ಅದು ಕೇಳಿಸ್ಕೊಳ್ತಿದೆ. ನೀನು ಇಷ್ಟ್ ವರ್ಷ ಯಜಮಾನ್ರ ಹೆಸ್ರು ಮನಸ್ಸಲ್ಲೇ ಹೇಳ್ಕೊಂಡ್ಯಲ್ಲ, ಹಂಗೇ ಅಂದ್ಕೋ. ಪೂರ್ತಿ ಒತ್ತಿ ಎಂಟರ್ ಹೊಡಿ."

ಅವರ ದೊಡ್ಡ ಪಾಠ ಒಂದೇ. ಓದು. ಪರದೆಯ ಮೇಲೆ ಏನಾದರೂ ಬಂದರೆ ನಮಗೆಲ್ಲ ಮೊದಲು ಆಗುವುದು ಗಾಬರಿ. ಕಣ್ಣು ಮುಚ್ಚಿ ಸರಿ ಎಂದೋ ಬೇಡ ಎಂದೋ ಒತ್ತಿಬಿಡುತ್ತೇವೆ. ಮೇಡಂ ಹಿಂದಿನಿಂದ, "ಏನ್ ಹೇಳ್ತು ಅದು?" ಅನ್ನುತ್ತಿದ್ದರು. ಗೊತ್ತಿಲ್ಲ ಅಂದರೆ, "ಮನೇಗೆ ಬಂದೋರು ಮಾತಾಡ್ತಿರೋವಾಗ್ಲೇ ಬಾಗ್ಲು ಹಾಕ್ತೀಯಾ? ಓದಮ್ಮ, ಓದು." ಇಂಗ್ಲಿಷ್ ಬರಲ್ಲ ಎಂಬ ನೆಪ ನಡೆಯುತ್ತಿರಲಿಲ್ಲ. ಅಕ್ಷರ ಕೂಡಿಸಿ ಓದು, ಅರ್ಥ ನಾನು ಹೇಳ್ತೀನಿ ಅನ್ನುತ್ತಿದ್ದರು.

ಹೀಗೆ ಎರಡು ಮಳೆಗಾಲ ಕಳೆದ ಮೇಲೆ ನಾನು ಅಲ್ಲಿ ಕೆಲಸಕ್ಕೇ ಕೂತೆ. ಆದರೆ ಮಕ್ಕಳೇ, ಒಂದು ಮಾತು ನಿಮಗೆ ಗೊತ್ತಿಲ್ಲ. ನಿಮ್ಮ ತಾತ ಹೋದ ಮೇಲೆ ನಾನು ಶುಭಕಾರ್ಯಗಳಲ್ಲಿ ಹಿಂದಕ್ಕೆ ಸರಿದಿದ್ದೆ. ಯಾರೂ ಗದರಿ ಕಳಿಸಿದ್ದಲ್ಲ. ಆರತಿ ಎತ್ತುವ ಹೊತ್ತಿಗೆ ನಾನಾಗಿಯೇ ನೀರು ತರಲು ಎದ್ದುಹೋಗುತ್ತಿದ್ದೆ. ನನ್ನ ಕೈ ತಗುಲಿ ಯಾರಿಗಾದರೂ ಕೆಟ್ಟದ್ದಾದರೆ ಎಂಬ ಹೆದರಿಕೆ ನನ್ನೊಳಗೂ ಇತ್ತು. ಅಂಗಡಿಯಲ್ಲೂ ತಿಥಿ ಕಾರ್ಡು, ಅರ್ಜಿ ಇಂಥವನ್ನೇ ಹುಡುಕಿ ತೆಗೆದುಕೊಳ್ಳುತ್ತಿದ್ದೆ. ಮೇಡಂ ಅದನ್ನು ಗಮನಿಸಿದ್ದರು ಎಂದು ಕಾಣುತ್ತದೆ. ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಾಗ, ಅದನ್ನು ಬೇಕೆಂದೇ ನನ್ನ ಮುಂದಿಟ್ಟರು.

ವ್ಯಾಪಾರಿಯ ಜೊತೆ ಅವರ ತಾಯಿಯೂ ಬಂದಿದ್ದರು, ಮದುವೆ ಹುಡುಗಿಯ ಅಜ್ಜಿ. ಆಕೆ ನನ್ನ ಹಣೆ ನೋಡಿದರು, ಕೊರಳು ನೋಡಿದರು.

"ಏನಮ್ಮಾ, ಒಳ್ಳೆ ಕಾರ್ಯದ ಪತ್ರಿಕೆ ಇವ್ರ ಕೈಲಾ ಬರ್ಸೋದು? ಬೇರೆ ಯಾರೂ ಸಿಗ್ಲಿಲ್ವಾ?"

ನಾನು ಕುರ್ಚಿಯಿಂದ ಏಳಲು ಹೋದೆ. ಮೇಡಂ, "ಕೂತ್ಕೊ" ಅಂದರು. ಆಮೇಲೆ ಆಕೆಯ ಕಡೆ ತಿರುಗಿ, "ಸಿಕ್ತಾರೆ ಅಜ್ಜಿ. ನಾನಿದೀನಿ. ಆದ್ರೆ ನಾನು ಮದ್ವೇನೇ ಆಗ್ಲಿಲ್ಲ. ಈ ಮೆಷಿನ್ನು ಇದ್ಯಲ್ಲ, ಅದೂ ಆಗಿಲ್ಲ. ಯಾರ್ ಕೈಲಿ ಬರ್ಸಣ ಹೇಳಿ" ಅಂದರು.

ವ್ಯಾಪಾರಿ ನಕ್ಕುಬಿಟ್ಟರು. "ಅವ್ವಾ, ಸುಮ್ಕಿರವ್ವಾ. ನೀಟಾಗಿ ಮಾಡ್ಕೊಡ್ತಾರೆ."

"ನಾನೇನಂದೆ ಈಗ? ಏನಾರ ಹೆಚ್ಚುಕಮ್ಮಿ ಆದ್ರೆ ನನ್ನ ಕೇಳ್ಬೇಡಿ ಅಷ್ಟೇಯ" ಎಂದು ಆಕೆ ಮೆಟ್ಟಿಲಿಳಿದರು.

ಮೊದಲ ಪತ್ರಿಕೆಯನ್ನು ಮನೆದೇವರ ಮುಂದಿಟ್ಟು ಬರುವ ದಿನ ಗೊತ್ತಾಗಿತ್ತು. ಅದಕ್ಕೆ ಮಾರನೆಯ ದಿನ ಮಧ್ಯಾಹ್ನದೊಳಗೆ ಅದು ತುಮಕೂರಿನ ಪ್ರೆಸ್ಸಿಗೆ ಹೋಗಲೇಬೇಕು. ಮೇಡಂ ತಂಗಿಯ ಮನೆಗೆಂದು ಕುಣಿಗಲ್‌ಗೆ ಹೊರಟರು. ಹೋಗುವಾಗ, "ನಾಳೆ ಬೆಳಿಗ್ಗೆ ಬರ್ತೀನಿ. ಅಷ್ಟರಲ್ಲಿ ಮುಗ್ಸಿರು" ಅಂದರು. ನಾನು ಊಟಕ್ಕೂ ಏಳದೆ ಕೂತು ಮುಗಿಸಿದೆ. ಬಂಧುಗಳ ಹೆಸರಿನ ಸಾಲು ಸಾಲು, ಮುಹೂರ್ತ, ಛತ್ರದ ದಾರಿ ಎಲ್ಲವನ್ನೂ ಬರೆದು ಸೇವ್ ಮಾಡಿದೆ, ಪೆನ್‌ಡ್ರೈವ್‌ಗೆ ಇನ್ನೂ ಹಾಕಿರಲಿಲ್ಲ. ಪರದೆಯ ಮೂಲೆಯಲ್ಲಿ ಅಪ್‌ಡೇಟ್ ಬಂದಿದೆ ಎಂದು ತೋರಿಸುತ್ತಿತ್ತು. ಸಂಜೆಯೊಳಗೆ ಮುಗಿಯಲಿ ಎಂದು ಒಪ್ಪಿಗೆ ಕೊಟ್ಟೆ. ಬಿಳಿಯ ಪಟ್ಟಿ ಮೆಲ್ಲಗೆ ತುಂಬುತ್ತಿತ್ತು. ಆಗ ಗುಡುಗಿತು.

ನಮ್ಮ ಕಡೆ ಗುಡುಗಿದರೆ ಮೊದಲು ಪ್ಲಗ್ ಕೀಳುತ್ತಾರೆ, ಆಮೇಲೆ ಒಣಗಿಹಾಕಿದ ಬಟ್ಟೆ ತೆಗೆಯುತ್ತಾರೆ. ನಮ್ಮೂರಲ್ಲಿ ತೆಂಗಿನ ಮರಕ್ಕೆ ಸಿಡಿಲು ಹೊಡೆದು ಪಕ್ಕದ ಮನೆಯ ಟಿವಿ ಸುಟ್ಟುಹೋದದ್ದನ್ನು ಕಂಡವಳು ನಾನು. ಯೋಚನೆಯನ್ನೇ ಮಾಡಲಿಲ್ಲ. ಕರೆಂಟ್ ಹೋದರೂ ಸ್ವಲ್ಪ ಹೊತ್ತು ಮೆಷಿನ್ ನಡೆಸುವ ಬ್ಯಾಟರಿ ಪೆಟ್ಟಿಗೆ ಇತ್ತಲ್ಲ, ಅದನ್ನೂ ಆರಿಸಿದೆ, ಎಲ್ಲ ಪ್ಲಗ್‌ಗಳನ್ನೂ ಕಿತ್ತೆ. ಕಿತ್ತ ಮೇಲೆ ಆ ಅರ್ಧ ತುಂಬಿದ ಪಟ್ಟಿ ನೆನಪಾಯಿತು.

ಮಳೆ ನಿಂತ ಮೇಲೆ ಹಾಕಿದರೆ ಎಂದಿನ ಪರದೆ ಬರಲಿಲ್ಲ. ಕಪ್ಪು ಹಲಗೆ, ಅದರ ಮೇಲೆ ಬಿಳಿ ಅಕ್ಷರ. ಆರಿಸಿ ಮತ್ತೆ ಹಾಕಿದೆ. ಅದೇ ಕಪ್ಪು. ನನಗೆ ಪತ್ರಿಕೆ ಕಾಣಲಿಲ್ಲ, ಆ ಅಜ್ಜಿಯ ಮುಖ ಕಂಡಿತು. ಹೆಚ್ಚುಕಮ್ಮಿ ಆದರೆ ಅಂದಿದ್ದರು, ಆಯಿತು. ನಾಳೆ ಗುಬ್ಬಿಗೆಲ್ಲ ಗೊತ್ತಾಗುತ್ತದೆ. ಮದುವೆಯಾಗಿ ಹೋಗುವ ಆ ಹುಡುಗಿಗೆ ಮುಂದೆ ಒಂದು ಸಣ್ಣ ಜ್ವರ ಬಂದರೂ ಅದನ್ನು ನನ್ನ ಕೈಗೇ ಹಚ್ಚುತ್ತಾರೆ. ಅದಕ್ಕಿಂತ ಹೆಚ್ಚಾಗಿ, ನಾನೇ ಹಚ್ಚಿಕೊಳ್ಳುತ್ತೇನೆ.

ಕುಣಿಗಲ್‌ಗೆ ಫೋನ್ ಮಾಡಿದೆ. "ಹೋಯ್ತು ಮೇಡಂ."

"ಏನ್ ಹೋಯ್ತೇ?"

"ಎಲ್ಲಾ ಹೋಯ್ತು."

"ಎಲ್ಲಾ ಹೋಯ್ತು ಅಂತ ಪರದೆ ಮೇಲೆ ಬರ್ದಿದ್ಯಾ?"

"ಇಲ್ಲ."

"ಮತ್ತೆ ನಿನಗ್ಯಾರು ಹೇಳಿದ್ದು? ಅಳೋದು ನಿಲ್ಸು. ಏನ್ ಮಾಡ್ದೆ, ಏನಾಯ್ತು, ಒಂದರ ಹಿಂದೆ ಒಂದು ಹೇಳು."

ಹೇಳಿದೆ. ಅವರು ಬೈಯಲಿಲ್ಲ. "ಮನೆ ಕಟ್ತಿರೋವಾಗ ಗಾರೆಯೋನ್ನ ಕರ್ಕೊಂಡು ಹೋದಂಗಾಯ್ತು. ಗೋಡೆ ಅರ್ಧ ಆಗಿದೆ. ಆದ್ರೆ ನಿನ್ ಪತ್ರಿಕೆ ಬೇರೆ ಕೋಣೇಲಿದೆ, ಅದಕ್ಕೆ ಏನೂ ಆಗಿರಲ್ಲ. ಮೊದ್ಲು ಪತ್ರಿಕೆ ಈಚೆ ತರಣ, ರಿಪೇರಿ ಆಮೇಲೆ. ಸರಸ್ವತಿ ಪಟದ ಕೆಳಗೆ ಕೆಂಪು ದಾರದ ಪೆನ್‌ಡ್ರೈವ್ ಇದೆ, ತಗೊ."

ಆ ಪೆನ್‌ಡ್ರೈವ್‌ನಲ್ಲಿ ಇಡೀ ಲಿನಕ್ಸ್ ಇತ್ತು. ಲಿನಕ್ಸ್ ಹೇಗಿರುತ್ತೆ ಎಂದು ಕೇಳಿಕೊಂಡು ಬಂದವರಿಗೆ, ಅವರ ಕಂಪ್ಯೂಟರ್ ಒಳಗೆ ಏನನ್ನೂ ಬದಲಿಸದೆ, ಅದರಿಂದಲೇ ಓಡಿಸಿ ತೋರಿಸುತ್ತಿದ್ದರು. ಒಳಗಿನದು ಏಳದಿದ್ದಾಗಲೂ ಅದರಿಂದ ಮೆಷಿನ್ ಎಬ್ಬಿಸಿ ಫೈಲುಗಳನ್ನು ತೆಗೆಯಬಹುದು. ಅವರು ಹೇಳಿದಂತೆ ಚುಚ್ಚಿ, ಮೆಷಿನ್ ಹಾಕುವಾಗ ಮೇಲಿನ ಸಾಲಿನ ಎಫ್ ಹನ್ನೆರಡು ಒತ್ತಿದೆ, ಪಟ್ಟಿಯಲ್ಲಿ ಪೆನ್‌ಡ್ರೈವ್ ಆಯ್ದುಕೊಂಡೆ.

"ಈಗ ನೀಟಾಗಿ ಕೇಳಿಸ್ಕೊ. ಎರಡು ಬರುತ್ತೆ. ಒಂದು ಟ್ರೈ, ಒಂದು ಇನ್‌ಸ್ಟಾಲ್. ಇನ್‌ಸ್ಟಾಲ್ ಕಡೆ ಹೋದ್ರೆ ಹಳೇದೆಲ್ಲ ಒರೆಸ್ಕೊಂಡು ಹೋಗುತ್ತೆ. ಒತ್ತೋ ಮುಂಚೆ ನನಗೆ ಓದಿ—"

ಅಲ್ಲಿಗೆ ಕರೆ ನಿಂತಿತು. ಮತ್ತೆ ಮಾಡಿದೆ, ಸಿಗಲಿಲ್ಲ. ಕುಣಿಗಲ್ ಕಡೆಯೂ ಮಳೆ ಹೊಡೆಯುತ್ತಿತ್ತೋ ಏನೋ. ಮತ್ತೆ ಮಾಡಿದೆ. ಇಲ್ಲ.

ಪರದೆಯ ಮೇಲೆ ಎರಡು ಚೌಕ ಬಂದು ಕೂತವು. ನಾನು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಕೆಳಗೆ ಗೊಬ್ಬರದ ಅಂಗಡಿಯವರನ್ನು ಕರೆಯಬಹುದಿತ್ತು, ಅವರ ಮಗ ಇಂಗ್ಲಿಷ್ ಓದಿದವನು. ಅವನಿಗೆ ಹೇಳಿದರೆ ಆ ಅಜ್ಜಿಯ ಕಿವಿಗೆ ಹೋಗುತ್ತದೆ. ಕೊನೆಗೆ ಒಂದನೇ ತರಗತಿಯ ಮಗುವಿನ ಹಾಗೆ ಬಾಯಿಬಿಟ್ಟು ಓದಿದೆ. ಮೊದಲ ಚೌಕದಲ್ಲಿ ಟಿ, ಆರ್, ವೈ. ಎರಡನೆಯದರಲ್ಲಿ ಐ, ಎನ್, ಎಸ್. ಪೂರ್ತಿ ಓದಿ, ಮತ್ತೆ ಮೊದಲನೆಯದನ್ನು ಓದಿ, ಅದನ್ನು ಒತ್ತಿದೆ.

ಪರದೆ ತೆರೆಯಿತು. ನಮ್ಮ ಮೆಷಿನ್ನಿನ ಹಾಗೆಯೇ, ಆದರೆ ಚಿತ್ರ ಬೇರೆ, ಎಲ್ಲ ಖಾಲಿ. ಮೇಡಂ ಕಲಿಸಿದ್ದ ದಾರಿಯಲ್ಲೇ ಫೈಲುಗಳ ಪೆಟ್ಟಿಗೆ ತೆಗೆದು, ಒಳಗಿನ ಡಿಸ್ಕ್ ಹುಡುಕಿ, ಅದರಲ್ಲಿ ನನ್ನ ಹೆಸರಿನ ಫೋಲ್ಡರ್ ತೆರೆದೆ. ಲಗ್ನಪತ್ರಿಕೆ ಅಲ್ಲೇ ಇತ್ತು. ತೆರೆದು ನೋಡಿದೆ. ಮೇಲಿನ ಗಣಪತಿಯಿಂದ ಕೆಳಗಿನ ಕೊನೆಯ ಬಂಧುವಿನ ಹೆಸರಿನವರೆಗೆ ಒಂದಕ್ಷರವೂ ಹೋಗಿರಲಿಲ್ಲ.

ಬೇರೆ ಎರಡು ಪೆನ್‌ಡ್ರೈವ್‌ಗಳಿಗೆ ಹಾಕಿಕೊಂಡೆ. ಅಷ್ಟರಲ್ಲಿ ಫೋನ್ ಬಂತು.

"ಏನಾಯ್ತೇ? ಒತ್ಬುಟ್ಯಾ?"

"ಒತ್ತಿದೆ ಮೇಡಂ. ಟ್ರೈ. ಪತ್ರಿಕೆ ಸಿಕ್ತು."

ಆ ಕಡೆ ಲವಂಗ ಕಡಿದ ಸದ್ದು ಕೇಳಿತು. ನಾನೇ ಅಂದೆ, "ಇಲ್ಲಾಂದ್ರೆ ಆವಮ್ಮ ಹೇಳಿದ್ದು ನಿಜ ಆಗ್ಬುಡ್ತಿತ್ತು. ನನ್ ಕೈಗುಣವೇ ಅಂಗೇನೋ ಮೇಡಂ."

ಆಗ ಬೈದರು ನೋಡಿ. ಅವರು ನನಗೆ ಬೈದದ್ದು ಅದೊಂದೇ ಸಲ. "ಬಾಯ್ಮುಚ್ಚು. ಅಪ್‌ಡೇಟ್ ಆಗ್ತಿರೋವಾಗ ಪ್ಲಗ್ ಕಿತ್ತೆ, ನಿಂತೋಯ್ತು. ನಾನ್ ಕಿತ್ತಿದ್ರೂ ನಿಲ್ತಿತ್ತು. ಮುತ್ತೈದೆ ಕಿತ್ತಿದ್ರೂ ನಿಲ್ತಿತ್ತು. ಅದಕ್ಕೆ ಕುಂಕುಮ ಕಾಣಲ್ಲ ಕಣೇ, ಕರೆಂಟ್ ಮಾತ್ರ ಕಾಣೋದು. ಮನೇಗೆ ಹೋಗಿ ಊಟ ಮಾಡು."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದರು. ಪತ್ರಿಕೆ ತುಮಕೂರಿಗೆ ಹೋಯಿತು. ನಾವು ಕಪ್ಪು ಪರದೆಯ ಮುಂದೆ ಕೂತೆವು, ನಾನು ಕುರ್ಚಿಯಲ್ಲಿ, ಅವರು ಹಿಂದೆ ಕೈ ಕಟ್ಟಿಕೊಂಡು. ಹೆಸರು, ಪಾಸ್‌ವರ್ಡ್ ಕೊಟ್ಟೆ. ನಿನ್ನೆಯ ಅಪ್‌ಡೇಟ್ ಮುಂದುವರಿಸು ಎಂದು ಅವರು ಹೇಳಿಕೊಟ್ಟ ಸಾಲು ಬರೆದೆ. ಅದು ಒಪ್ಪದೆ ಒಂದು ವಾಕ್ಯ ಹೇಳಿತು. ಅಕ್ಷರ ಕೂಡಿಸಿ ಓದಿದೆ. ಮೇಡಂ ಅರ್ಥ ಹೇಳಿದರು: ನಡುವೆ ಕೆಲಸ ನಿಂತಿದೆ, ಸರಿಮಾಡಲು ಈ ಸಾಲನ್ನು ನೀನೇ ಬರೆ. ಬರೆಯಬೇಕಾದ ಸಾಲನ್ನೂ ಅದೇ ಕೊಟ್ಟಿತ್ತು!

"ನೋಡ್ದ್ಯಾ? ಔಷಧೀನೂ ಅದೇ ಹೇಳ್ತಿದೆ. ನೀನು ನೆನ್ನೆ ಅದರ ಮುಂದೆ ಕೂತು ಅಳ್ತಿದ್ದೆ."

ಆ ಸಾಲಿನ ಮೊದಲ ಪದ ಸುಡೋ. ಅದರ ಬಗ್ಗೆ ಅವರು ಹೇಳಿದ್ದು ಪ್ರೀತಮ್‌ಗೆ ಬೇಕಾದ ಮಾತು. "ಆ ಪದ ಹಾಕಿದ್ರೆ ಮನೆ ಯಜಮಾನಿ ಹೇಳ್ದಂಗೆ. ಆಮೇಲೆ ಅದು ಎದುರಾಡಲ್ಲ. ಮನೆ ಕೆಡವು ಅಂದ್ರೂ ಕೆಡವುತ್ತೆ. ಅದಕ್ಕೆ ಏನ್ ಹೇಳ್ತಿದೀನಿ ಅಂತ ತಿಳ್ಕೊಂಡು ಹೇಳ್ಬೇಕು." ಈಗ ನೀನೂ ಲಿನಕ್ಸ್ ಹಾಕಿಕೊಂಡು ಯಾರೋ ಎಲ್ಲೋ ಬರೆದಿಟ್ಟ ಸಾಲುಗಳನ್ನು ನಕಲು ಮಾಡಿ ಅಂಟಿಸುತ್ತೀಯಲ್ಲ ಪ್ರೀತಮ್, ಅದನ್ನು ಕಂಡಿದ್ದರೆ ಲಲಿತಮ್ಮ ಮೇಡಂ ನಿನ್ನನ್ನು ಮೆಟ್ಟಿಲ ಮೇಲೆ ಕೂರಿಸುತ್ತಿದ್ದರು. ನೀನು ಕೊಂಡು ತಂದ ಪ್ರಿಂಟರ್ ಲಿನಕ್ಸ್‌ನಲ್ಲಿ ಓಡಲಿಲ್ಲವಲ್ಲ, ಅಲ್ಲೂ ನೀನು ದುಡುಕಿದೆ. ಲಿನಕ್ಸ್‌ಗೆ ಹೊಂದುತ್ತದೆಯೋ ಇಲ್ಲವೋ ವಿಚಾರಿಸಿಕೊಂಡು ಆಮೇಲೆ ಕೊಂಡುಕೊಳ್ಳಬೇಕು, ಮನೆಗೆ ತಂದ ಮೇಲೆ ಅಲ್ಲ. ಸ್ನೇಹಿತರಿಗೆ ಲಿನಕ್ಸ್ ಹಾಕಿಕೊಡುವ ಉತ್ಸಾಹ ಒಳ್ಳೆಯದು. ಆದರೆ ಮೊದಲು ಪೆನ್‌ಡ್ರೈವ್‌ನಿಂದ ಓಡಿಸಿ ವೈಫೈ ಬರುತ್ತದೆಯೇ, ಶಬ್ದ ಬರುತ್ತದೆಯೇ ನೋಡು. ಹಾಕುವ ಮುಂಚೆ ಅವರ ಫೋಟೊಗಳನ್ನೆಲ್ಲ ಬೇರೆ ಕಡೆ ತೆಗೆದಿಡು. ದಿನಾ ಬಳಸುವವರಿಗೆ ಬಹಳ ವರ್ಷ ಅಪ್‌ಡೇಟ್ ಸಿಗುವ ಆವೃತ್ತಿ ಹಾಕಿಕೊಡು, ಹೊಸದರ ಆಸೆಗೆ ಆರು ತಿಂಗಳಿಗೊಂದು ಬದಲಿಸಬೇಡ. ಯಾರ ಹತ್ತಿರವಾದರೂ ಸಹಾಯ ಕೇಳುವಾಗ ಕೆಟ್ಟಿತು ಅನ್ನಬೇಡ. ಪರದೆಯ ಮೇಲೆ ಏನಿದೆಯೋ ಅದನ್ನೇ ಹೇಳು.

ಆ ದಿನ ನಾನು ಅದು ಕೊಟ್ಟ ಸಾಲು ಬರೆದೆ, ಕಪ್ಪು ಪರದೆಯಲ್ಲಿ ಬಿಳಿ ಸಾಲುಗಳು ಸರಸರನೆ ಹರಿದು ನಿಂತವು. ಆರಿಸಿ ಹಾಕಿದೆ. ಎಂದಿನ ಪರದೆ ಬಂತು. ಮೇಡಂ ಬೆನ್ನ ಹಿಂದಿನಿಂದ ಕೈ ಬಿಚ್ಚಿ ಒಂದು ಲವಂಗ ನನ್ನ ಅಂಗೈಗೆ ಹಾಕಿದರು.

ಕೊಬ್ಬರಿ ವ್ಯಾಪಾರಿಯ ಮಗಳ ಮದುವೆ ಆಯಿತು. ಆ ಅಜ್ಜಿ ಮತ್ತೆ ಅಂಗಡಿಗೆ ಬರಲಿಲ್ಲ. ಅವರ ಮನಸ್ಸು ಬದಲಾಯಿತೋ ಇಲ್ಲವೋ ನನಗೆ ತಿಳಿಯದು. ನಾನಂತೂ ಆಮೇಲೆ ಲಗ್ನಪತ್ರಿಕೆಗಳನ್ನು ಬಿಡದೆ ಮಾಡಿದೆ. ಕೆಲವರು ನನ್ನನ್ನು ನೋಡಿ ಬೇರೆ ಕಡೆ ಹೋದದ್ದೂ ಉಂಟು. ಮೇಡಂ ಯಾರನ್ನೂ ತಡೆಯುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅವರು ಆ ಮೆಟ್ಟಿಲ ಮೇಲೇ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ತಂಗಿಯ ಮಗಳು ತುಮಕೂರಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಅಂಗಡಿ ನನ್ನ ಕೈಗೆ ಬಂತು. ನಾನು ಆಗಾಗ ಹೋಗಿ ನೋಡಿಕೊಂಡು ಬರುತ್ತಿದ್ದೆ. ಕೊನೆಯ ಸಲ ಹೋದಾಗ ಬಹಳ ಇಳಿದುಹೋಗಿದ್ದರು. ಆದರೂ ಯಾವ ಮೆಷಿನ್ ಹೇಗಿದೆ ಎಂದು ಒಂದೊಂದನ್ನೇ ಕೇಳಿದರು. ಮಾತಿನ ನಡುವೆ, ನನ್ನ ಮೊಮ್ಮಗಳಿಗೆ ಮದುವೆ ಗೊತ್ತಾಗಿದೆ ಎಂದು ಹೇಳಿದೆ.

"ಸಿಂಚನಂಗಾ? ಸಂತೋಷ. ಪತ್ರಿಕೆ ಯಾವಾಗ ಮಾಡ್ತೀಯ?"

"ತುಮಕೂರಲ್ಲೇ ಯಾರಿಗಾದ್ರೂ ಕೊಡಣ ಅಂತವ್ರೆ ಮೇಡಂ."

"ಅಂತವ್ರೆ ಅಂದ್ರೆ ಯಾರು?"

ನಾನು ಸೆರಗಿನ ಅಂಚು ಸುತ್ತುತ್ತಾ ಕೂತೆ. "ನಾನೇ."

"ಯಾಕೆ?"

"ಹೆಣ್ಣುಮಗು ಮೇಡಂ. ನಾಳೆ ಏನಾದ್ರೂ ಆದ್ರೆ..." ಹೌದು ಸಿಂಚನಾ, ಅಷ್ಟು ವರ್ಷ ಊರವರ ಮಕ್ಕಳ ಪತ್ರಿಕೆ ಬರೆದ ಕೈ, ನಿನ್ನದೆಂದಾಗ ಹೆದರಿತು.

ಅವರು ಕಣ್ಣು ಮುಚ್ಚಿಕೊಂಡರು. ನಿದ್ದೆ ಹತ್ತಿತೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ ಅಂದರು, "ಇಷ್ಟ್ ವರ್ಷ ಮಾಡ್ಕೊಟ್ಯಲ್ಲ ಗಂಗಾ, ಅವೆಲ್ಲ ಹೆಣ್ಣುಮಕ್ಕಳೇ ಅಲ್ವಾ? ಯಾರೋ ಒಬ್ರ ಮನೆ ಮೊಮ್ಮಕ್ಕಳೇ ಅಲ್ವಾ? ನಿನ್ ಕೈ ಕೆಟ್ಟದ್ದು ಅನ್ನೋದಾದ್ರೆ ಅವ್ರಿಗ್ಯಾಕೆ ಮಾಡ್ಕೊಟ್ಟೆ? ಒಳ್ಳೇದು ಅನ್ನೋದಾದ್ರೆ ನಿನ್ ಮಗೂಗ್ಯಾಕೆ ಬೇಡ?"

ಉತ್ತರಕ್ಕೆ ಅವರು ಕಾಯಲಿಲ್ಲ. "ಹೋಗು, ಬಸ್ ತಪ್ಪುತ್ತೆ" ಅಂದರು.

ವಾರದೊಳಗೆ ತೀರಿಕೊಂಡರು. ತುಮಕೂರಿಗೆ ಹೋಗಿ ನೋಡಿಕೊಂಡು ಬಂದೆ. ಅಲ್ಲಿ ನೆರೆದಿದ್ದವರಿಗೆ ಅವರು ಯಾರು ಎಂಬುದು ಅಷ್ಟಾಗಿ ತಿಳಿದಂತಿರಲಿಲ್ಲ. ಯಾರೋ ಹಳೆಯ ಟೈಪಿಂಗ್ ಟೀಚರಂತೆ ಎಂದು ಮಾತಾಡಿಕೊಳ್ಳುತ್ತಿದ್ದರು. ನಾನೂ ಏನೂ ಹೇಳಲಿಲ್ಲ, ಜನ ಬಹಳ ಇದ್ದರು.

ಮಾರನೆಯ ದಿನ ಮಧ್ಯಾಹ್ನ ಅಂಗಡಿಗೆ ಹೋಗಿ ನಿನ್ನ ಲಗ್ನಪತ್ರಿಕೆ ಬರೆಯಲು ಕೂತೆ, ಸಿಂಚನಾ. ಎಲ್ಲಿ ಮಾಡಿಸಿದಿರಿ, ಬಹಳ ಚೆನ್ನಾಗಿದೆ ಎಂದು ನಿನ್ನ ಅತ್ತೆಯ ಮನೆಯವರು ಕೇಳಿದರಂತೆ. ನಿಮ್ಮಪ್ಪ ಗುಬ್ಬಿಯಲ್ಲಿ ಅಂದನಂತೆ. ಗುಬ್ಬಿಯಲ್ಲಿ ನಾನು ಮಾಡಿದೆ. ಇಂಥವರ ಮೊಮ್ಮಗಳು ಎಂಬ ಸಾಲು ಬಂದಾಗ ನಿಮ್ಮ ತಾತನ ಹೆಸರು ಒತ್ತಿದೆ. ಆಮೇಲೆ ನನ್ನ ಹೆಸರನ್ನು ಬರೆದೆ, ಆ ಮೊದಲ ದಿನದಷ್ಟೇ ನಿಧಾನವಾಗಿ, ಒಂದೊಂದೇ ಅಕ್ಷರ.

ಲಗ್ನಪತ್ರಿಕೆಯನ್ನು ಯಾರೂ ಬಹಳ ದಿನ ಇಟ್ಟುಕೊಳ್ಳುವುದಿಲ್ಲ. ಮದುವೆ ಮುಗಿದ ಮೇಲೆ ಡಬ್ಬದ ತಳಕ್ಕೆ ಹಾಸುತ್ತಾರೆ, ಬೀಸಣಿಗೆ ಮಾಡಿಕೊಳ್ಳುತ್ತಾರೆ. ಅದು ಹೋದರೆ ನನಗೆ ಬೇಸರವಿಲ್ಲ. ಈ ಹಾಳೆಗಳನ್ನು ಮಾತ್ರ ಹಾಗೆ ಮಾಡಬೇಡಿ. ಲಲಿತಮ್ಮ ಮೇಡಂ ಅವರಿಗೆ ಮಕ್ಕಳಿರಲಿಲ್ಲ, ಅವರನ್ನು ನೆನೆಯುವ ಮೊಮ್ಮಕ್ಕಳೂ ಇಲ್ಲ. ನಿಮ್ಮ ಬೀರುವಿನಲ್ಲಿ ಒಳ್ಳೆಯ ಬಟ್ಟೆ ಇಡುವ ಕಡೆ ಇವಕ್ಕೊಂದು ಜಾಗ ಕೊಟ್ಟು ಜೋಪಾನ ಮಾಡಿ.